ಅಧ್ಯಕ್ಷರ ಪಡಸಾಲೆ

ನಮ್ಮ ಮನೆ ಒಡೆಯುತ್ತಾರೆ ಎಂಬ ಸುದ್ದಿ ನಮಗೆ ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ. ಅತ್ತೆ ಜೋಳದ ಡಬ್ಬಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಗಿರಣಿಯ ಚನ್ನವ್ವ ನಮ್ಮನ್ನು ನೋಡಿದವಳೇ, ನಿಮ್ಮ ಯಜಮಾನರದು ದೊಡ್ಡ ಮನಸ್ಸು ಬಿಡ್ರಿ, ರಸ್ತೆ ಅಗಲ ಮಾಡೋದಕ್ಕೆ ಮೊದಲು ನಮ್ಮ ಮನೆಯನ್ನೇ ಒಡೆಯಿರಿ ಅಂತ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದರಂತೆ, ಎಲ್ಲರೂ ಚಪ್ಪಾಳೆ ಹೊಡೆದರಂತೆ ಎಂದು ಹೊಗಳಿದಳು. ಅತ್ತೆ ಹೌದೇನು ಎಂದರು. ಅಷ್ಟೇ. ಆಮೇಲೆ, ಹೋದ ಸಲ ಹಿಟ್ಟು ದಪ್ಪಾಗಿತ್ತು, ರೊಟ್ಟಿಯ ಅಂಚು ಒಡೆದವು, ಈ ಸಲ ಸಣ್ಣಗೆ ಬೀಸು ಎಂದರು.

ದಾರಿಯಲ್ಲಿ ಅವರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ತಲೆಯ ಮೇಲೆ ಬಿಸಿ ಹಿಟ್ಟಿನ ಡಬ್ಬಿ ಇದ್ದಾಗ ಮಾತಾಡಬಾರದು, ಕುತ್ತಿಗೆ ಹೊರಳುತ್ತದೆ.

ನಾನು ಈ ಮನೆಯ ಸೊಸೆ ಸುಮಂಗಲಾ. ನಮ್ಮೂರು ಮುದ್ದೇಬಿಹಾಳಕ್ಕೂ ಬಸವನ ಬಾಗೇವಾಡಿಗೂ ನಡುವೆ ಬರುತ್ತದೆ. ಮೊದಲು ಹಳ್ಳಿ, ಈಗ ಪಟ್ಟಣ ಪಂಚಾಯಿತಿ. ಹಳ್ಳಿಯಾಗಿದ್ದಾಗ ನಮ್ಮ ಕೇರಿ ಊರ ಹೊರಗಿತ್ತು. ಆಮೇಲೆ ಬಸ್ ಸ್ಟ್ಯಾಂಡ್ ಕೇರಿಯ ಮುಂದೆ ಬಂತು, ಊರೇ ಎದ್ದು ನಮ್ಮ ಬಾಗಿಲಿಗೆ ನಡೆದು ಬಂತು. ಎದುರಿಗೆ ಮಡಿವಾಳಪ್ಪ ಸಾಹುಕಾರರು ಸಾಲಾಗಿ ಮಳಿಗೆ ಕಟ್ಟಿಸಿ ಮೇಲೆ ಮಹಡಿ ಮನೆ ಎಬ್ಬಿಸಿದರು. ಊರ ಹೊರಗಿನವರು ಕೂತಲ್ಲೇ ಊರ ನಡುವಿನವರಾದೆವು. ನಮ್ಮ ಮಾವ ಇದನ್ನು ಬಹಳ ಸಲ ಹೇಳಿ ನಗುತ್ತಿದ್ದರು.

ಮಾವ ಚಂದಪ್ಪನವರಿಗೆ ರಾಜಕಾರಣ ಬಿಟ್ಟರೆ ಬೇರೆ ಕಸುಬಿಲ್ಲ. ತಂಗಡಗಿ ಕಡೆ ಇದ್ದ ತುಂಡು ಹೊಲವನ್ನು ಪಾಲಿಗೆ ಕೊಟ್ಟು, ಹರೆಯದಿಂದ ಬಾವುಟ ಹೊತ್ತು, ಭಾಷಣ ಮಾಡಿ, ನಡುವೆ ಒಮ್ಮೆ ಸೋತು, ಮೂರು ಚುನಾವಣೆಯಲ್ಲಿ ಮೆಂಬರಾದವರು. ಯಾವ ವಾರ್ಡಿನ ಯಾವ ನಳ ಎಲ್ಲಿ ಸೋರುತ್ತದೆ, ಯಾವ ಗಟಾರದ ಅಂದಾಜು ಎಷ್ಟು ಲಕ್ಷ, ಬಾಯಿಪಾಠ. ಕೊನೆಗೆ ಅಧ್ಯಕ್ಷಗಿರಿಯ ಮೀಸಲಾತಿ ನಮ್ಮವರಿಗೆ ಬಂದಾಗ ಅವರಲ್ಲದೆ ಬೇರೆ ಯಾರೂ ಇರಲಿಲ್ಲ. ಅವರು ಅಧ್ಯಕ್ಷರು, ಮಡಿವಾಳಪ್ಪ ಸಾಹುಕಾರರು ಉಪಾಧ್ಯಕ್ಷರು.

ಆದರೆ ಮನೆ ನಡೆದದ್ದು ರೊಟ್ಟಿಯ ಮೇಲೆ. ರಸ್ತೆಗೆ ಮುಖ ಮಾಡಿದ ಪಡಸಾಲೆಯಲ್ಲಿ ಅತ್ತೆ ಸೀತವ್ವ ಜೋಡಿ ಒಲೆ ಹಾಕಿಸಿ, ಹೊಗೆ ಹೋಗಲು ಮೇಲೆ ಗೂಡು ಕಟ್ಟಿಸಿ, ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ಮೊದಮೊದಲು ಕೊಳ್ಳುತ್ತಿದ್ದವರು ಕೇರಿಯವರು ಮತ್ತು ಬಸ್ಸಿನ ಡ್ರೈವರುಗಳು. ಡ್ರೈವರುಗಳಿಗೆ ಊರು ಗೊತ್ತಿಲ್ಲ, ಯಾರ ಮನೆ ಎಂದು ಕೇಳುವ ಪುರಸೊತ್ತಿಲ್ಲ. ಹಸಿವಾಗಿರುತ್ತಿತ್ತು, ಒಯ್ಯುತ್ತಿದ್ದರು. ನಾನು ಬಂದ ಮೇಲೆ ಕೈ ಎರಡಾದವು, ಶೇಂಗಾ ಚಟ್ನಿಯೂ ಸೇರಿತು. ಮಾವ ಅಧ್ಯಕ್ಷರಾದ ಮೇಲೆ ಊರ ಮದುವೆಗಳವರೂ ಬುಟ್ಟಿಗಟ್ಟಲೆ ಹೇಳತೊಡಗಿದರು. ಅಧ್ಯಕ್ಷರ ಮನೆಯ ರೊಟ್ಟಿ ಎಂದರೆ ಮೈಲಿಗೆಯೂ ಸ್ವಲ್ಪ ಹಿಂದೆ ಸರಿಯುತ್ತದೆ ಎಂದು ಕಾಣುತ್ತದೆ. ನನ್ನ ಗಂಡ ಸುನೀಲಕುಮಾರ ಮುದ್ದೇಬಿಹಾಳದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಅವರ ಪಗಾರ ಪಾಲಿನ ಹೊಲದ ಖರ್ಚಿಗೂ ಮನೆಯವರ ಔಷಧಕ್ಕೂ ಸರಿ. ನಾದಿನಿ ಸಂಘಮಿತ್ರಾಳ ಕಾಲೇಜು, ದಿನದ ಕಾಯಿಪಲ್ಲೆ, ಬೆಳಿಗ್ಗೆ ಅಧ್ಯಕ್ಷರನ್ನು ಕಾಣಲು ಬಂದವರ ಚಹಾ, ಎಲ್ಲವೂ ಆ ಎರಡು ಒಲೆಯಿಂದಲೇ ಹೊರಡಬೇಕು. ಒಡೆಯಬೇಕಾದದ್ದು ಆ ಪಡಸಾಲೆಯನ್ನೇ.

ಅವತ್ತು ಸಂಜೆ ಮಾವ ಊಟಕ್ಕೆ ಕೂತರು. ಅತ್ತೆ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ ಇಟ್ಟರು.

"ಗಿರಣ್ಯಾಗ ಹೇಳಿದ್ರು," ಎಂದರು.

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ನಾನೇ ಹೇಳಬೇಕೆಂದಿದ್ದೆ, ಹೊತ್ತು ಸಿಗಲಿಲ್ಲ ಎಂದರು. ಆಮೇಲೆ ಮುಖ ಅರಳಿಸಿಕೊಂಡು ಮೀಟಿಂಗಿನ ಕತೆ ಹೇಳಿದರು. ರಸ್ತೆಗೆ ಮಂಜೂರಾತಿ ಬಂದು ಕೂತಿದೆಯಂತೆ, ಯಾರೂ ತಮ್ಮ ಗೋಡೆ ಮುಟ್ಟಗೊಡುತ್ತಿಲ್ಲವಂತೆ. ಆಗ ಸಾಹುಕಾರರು ಎದ್ದು ನಿಂತು, ಅಧ್ಯಕ್ಷರು ಮುಂದೆ ನಡೆದರೆ ನಾವೆಲ್ಲ ಹಿಂದೆ ಬರುತ್ತೇವೆ ಎಂದರಂತೆ. ಇವರು ತಕ್ಷಣ, ನಾಳೆಯೇ ನನ್ನ ಮನೆಗೆ ಕೆಂಪು ಗುರುತು ಹಾಕಿ ಎಂದರಂತೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲವಂತೆ.

ಸಂಘಮಿತ್ರಾ ಕಂಬಕ್ಕೆ ಒರಗಿ ಓದುತ್ತಿದ್ದಳು. ಪುಸ್ತಕ ಮಡಚಿದಳು.

"ಅವ್ವಗ ಒಂದ್ ಮಾತ ಕೇಳಿದ್ದೇನಪ್ಪಾ?"

"ಊರಿಗೆ ಹಿರ್ಯಾ ಅನಿಸಿಕೊಂಡಾವ ಮೊದಲ ತನ್ನ ಗ್ವಾಡಿ ಒಡೀಬೇಕವ್ವ. ಇಲ್ಲಂದ್ರ ಮಂದಿಗೆ ಯಾವ ಬಾಯಿಲೆ ಹೇಳೂದು?"

"ಅವ್ವಗ ಕೇಳಿದ್ದೇನಂತ ಕೇಳಿದ್ನಿ."

ಮಾವ ರೊಟ್ಟಿ ಮುರಿದು ಪಲ್ಲೆಗೆ ಅದ್ದಿದರು. ಅತ್ತೆ ಪಲ್ಲೆಯ ಬೋಗುಣಿ ಸರಿಸುತ್ತ ಕೇಳಿದರು, "ರೊಟ್ಟಿ ಎಲ್ಲಿ ಮಾಡೂದು?"

"ಹಿತ್ತಲದಾಗ ಮಾಡಿದ್ರ ಆತು. ಪರಿಹಾರ ಬರ್ತೈತಿ, ಬಂದ ಮ್ಯಾಲ ಛಲೋ ಕಟ್ಟೂಣು."

ನಮ್ಮ ಹಿತ್ತಿಲೆಂದರೆ ಬಚ್ಚಲು, ಪಾಯಖಾನೆ, ತೆರೆದ ಗಟಾರ, ಉಳಿದದ್ದರಲ್ಲಿ ಒಬ್ಬರು ಕಾಲು ಚಾಚಿ ಕೂರಬಹುದು. ಅಲ್ಲಿಗೆ ರಸ್ತೆಯಿಂದ ದಾರಿ ಇಲ್ಲ. ರೊಟ್ಟಿ ಬೇಕಾದವರು ನಮ್ಮ ಅಡಿಗೆಮನೆ ದಾಟಿ, ಹಾಸಿಗೆ ದಾಟಿ ಬರಬೇಕು. ಯಾರು ಬರುತ್ತಾರೆ? ನಾನು ಹೇಳಲು ಬಾಯಿ ತೆರೆದೆ. ನನ್ನ ಗಂಡ ನನ್ನ ಕಡೆ ನೋಡಿದರು, ಮುಚ್ಚಿದೆ. ಈ ಮನೆಯಲ್ಲಿ ಅವರು ಬಹಳ ಮಾಡುವುದು ಅದನ್ನೇ, ನೋಡುವುದು.

ಮಾವ ಕೆಟ್ಟವರಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದಿದವರು ತಪ್ಪು ತಿಳಿದಾರು. ಒಂದು ಪೈಸೆ ತಿಂದವರಲ್ಲ. ಮಂದಿಯ ನಳ ರಿಪೇರಿಯಾಗುವತನಕ ಅಲ್ಲೇ ನಿಂತು ಬರುವವರು. ಆದರೆ ಹರೆಯದಲ್ಲೆಲ್ಲ 'ಲೇ ಚಂದ್ಯಾ' ಎಂದು ಕರೆದ ಬಾಯಿಗಳು ಈಗ 'ಅಧ್ಯಕ್ಷರ' ಎನ್ನುವಾಗ ಅವರ ಮುಖ ಒಂದು ತರಹ ಆಗುತ್ತಿತ್ತು. ಹಸಿದ ಕೂಸಿಗೆ ಬೆಲ್ಲ ತೋರಿಸಿದ ಹಾಗೆ. ಆ ಬಾಯಿಗಳಿಗೂ ಅದು ಗೊತ್ತಿತ್ತು.

ಮರುದಿನವೇ ಇಬ್ಬರು ಬಂದು ಗೋಡೆಗೆ ಕೆಂಪು ಗುರುತು ಹಾಕಿದರು. ಗುರುತು ಪಡಸಾಲೆಯ ಹಿಂದಿನ ಗೋಡೆಯ ಮೇಲೆ ಬಂತು. ಎಂದರೆ ಅದರ ಮುಂದಿನದೆಲ್ಲ ರಸ್ತೆ. ಪಕ್ಕದ ಚಾಂದಸಾಬನ ಪಂಕ್ಚರ್ ಅಂಗಡಿಗೂ ಗುರುತು, ಎದುರಿನ ಸಾಹುಕಾರರ ಮಳಿಗೆ ಸಾಲಿಗೂ ಗುರುತು. ಸಾಹುಕಾರರು ತಾವೇ ನಿಂತು ಗುರುತು ಹಾಕಿಸಿ, ಇನ್ನೂ ಸ್ವಲ್ಪ ದಪ್ಪಗೆ ಹಚ್ಚಪ್ಪ, ಕಾಣಬೇಕು ಎಂದರು. ಮಾವ ಅದನ್ನು ಮನೆಯಲ್ಲಿ ಎರಡು ಸಲ ಹೇಳಿದರು.

ಆಗ ಮದುವೆಯ ಹಂಗಾಮು. ಯುಗಾದಿ ಮುಗಿದು ಬಿಸಿಲು ಏರಿತ್ತು, ವರ್ಷದ ದುಡಿಮೆಯೆಲ್ಲ ಆ ದಿನಗಳಲ್ಲೇ. ನನ್ನ ಗಂಡ ಒಂದು ದಿನ ಧೈರ್ಯ ಮಾಡಿ ತಂದೆಯ ಹತ್ತಿರ ಹೋಗಿ, ಒಡೆಯುವುದನ್ನು ಮಳೆಗಾಲಕ್ಕೆ ಹಾಕಿರಿ, ಈ ಮದುವೆಗಳಾದರೂ ಮುಗಿಯಲಿ ಎಂದರು. ಪೇಪರಿನವರಿಗೆ ದಿನ ಹೇಳಿಯಾಗಿದೆ, ಈಗ ಹಿಂದೆ ಸರಿದರೆ ಊರು ಏನೆನ್ನುತ್ತದೆ ಎಂದರು ಮಾವ. ನನ್ನ ಗಂಡ ಬಂದು ನನ್ನ ಮುಂದೆ ಕೈ ಕೊಡವಿದರು. ನಾನೇನು ಮಾಡಲಿ ಎಂದರು.

ಅತ್ತೆ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಮನೆ ಹಗುರಾಗುತ್ತಿತ್ತು. ಮದುವೆ ಮನೆಗಳಿಗೆ ತಾವೇ ಹೋಗಿ ರೊಟ್ಟಿ ಆಗುವುದಿಲ್ಲ ಎಂದು ಹೇಳಿಬಂದರು. ಒಲೆಯ ಮೇಲಿನ ಗೂಡಿಗೆ ಕಟ್ಟಿದ್ದ ಮಸಿ ಕೆರೆದು ತೆಗೆದರು, ನಾಳೆ ಒಡೆಯುವುದನ್ನು ಇವತ್ತು ಯಾಕೆ ತೊಳೆಯುತ್ತೀರಿ ಎಂದರೆ ಇನ್ನೊಂದು ಮೂಲೆ ಕೆರೆದರು. ಮಾವನಿಗೆ ಊಟಕ್ಕೆ ಎಂದಿನಂತೆ ಬಡಿಸಿದರು. ಬದಲಾದದ್ದು ಒಂದೇ. ನಮ್ಮ ಕಡೆ ಉಣ್ಣುವವರ ತಟ್ಟೆ ಖಾಲಿಯಾಗುವ ಮೊದಲು, ಇನ್ನೊಂದು ಹಾಕಲೇನು ಎಂದು ಕೇಳಬೇಕು, ಬೇಡವೆಂದರೂ ಅರ್ಧ ಮುರಿದು ಹಾಕಬೇಕು. ಅತ್ತೆ ಕೇಳುವುದನ್ನು ಬಿಟ್ಟರು. ಎರಡು ರೊಟ್ಟಿ ಇಟ್ಟು ಎದ್ದು ಹೋಗುವರು. ಮಾವ ಎರಡನೆಯದು ಮುಗಿಸಿ ತಟ್ಟೆಯ ಮೇಲೆ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುವರು. ಆಮೇಲೆ ಕೈ ತೊಳೆಯುವರು. ಅವರಿಗದು ಅರ್ಥವಾಯಿತೋ ಇಲ್ಲವೋ, ನಾನು ಕೇಳಲಿಲ್ಲ.

ಒಡೆಯುವ ದಿನ ಜೆಸಿಬಿ ಹೂವಿನ ಹಾರ ಹಾಕಿಕೊಂಡು ಬಂತು. ಯಾವ ಕಾಮಗಾರಿ ಶುರುವಾದರೂ ನಮ್ಮೂರಲ್ಲಿ ಯಂತ್ರಕ್ಕೆ ಪೂಜೆ ಆಗಬೇಕು, ತೆಂಗಿನಕಾಯಿ ಒಡೆಯಬೇಕು, ಮನೆಯ ಹೆಣ್ಣುಮಗಳು ಆರತಿ ಬೆಳಗಬೇಕು. ಕೆರೆಯ ಹೂಳು ತೆಗೆಯುವಾಗಲೂ ಹಾಗೆಯೇ, ಗಟಾರ ತೋಡುವಾಗಲೂ ಹಾಗೆಯೇ. ನಮ್ಮ ಮನೆಯಲ್ಲಿ ಬುದ್ಧರ ಪಟ, ಬಾಬಾಸಾಹೇಬರ ಪಟ ಬಿಟ್ಟರೆ ಪೂಜೆ ಕಡಿಮೆ. ಆದರೂ ಅಧ್ಯಕ್ಷರು ಎಂದ ಮೇಲೆ ಊರ ಪದ್ಧತಿ. ಮೆಂಬರುಗಳು, ಪೇಪರಿನವರು, ಮೊಬೈಲು ಹಿಡಿದವರು ರಸ್ತೆ ತುಂಬ ನಿಂತಿದ್ದರು. ಸಾಹುಕಾರರು ಮಾವನ ಕೊರಳಿಗೆ ದೊಡ್ಡ ಹಾರ ಹಾಕಿದರು. ಅದೇ ತರಹದ ಹಾರ ಜೆಸಿಬಿಗೂ ಇತ್ತು, ಎರಡನ್ನೂ ಒಂದೇ ಅಂಗಡಿಯಿಂದ ತಂದಿದ್ದಿರಬೇಕು.

ಯಾರೋ, ಅಧ್ಯಕ್ಷರ ಮನೆಯವರು ಆರತಿ ತರಲಿ ಎಂದು ಕೂಗಿದರು. ಮಾವ ಒಳಗೆ ಬಂದರು.

"ಸುನೀಲನವ್ವ, ಮಂದಿ ನಿಂತೈತಿ. ಒಂದೀಟ ಆರತಿ ಬೆಳಗ್ ಬಾ."

ಅತ್ತೆ ಹಿಟ್ಟು ನಾದುತ್ತಿದ್ದರು. ಪಡಸಾಲೆಯ ಒಲೆ ತಣ್ಣಗಾಗಿತ್ತು, ಆದರೂ ಅಡಿಗೆಮನೆಯ ಗ್ಯಾಸಿನ ಮೇಲೆ ಜೆಸಿಬಿ ಡ್ರೈವರನ ಊಟಕ್ಕೆಂದು ರೊಟ್ಟಿ ಮಾಡಲು ಕೂತಿದ್ದರು.

"ಕೈ ಹಿಟ್ಟಾಗೇತಿ," ಎಂದರು.

ಮಾವ ನನ್ನ ಕಡೆ ನೋಡಿದರು. ಹೋಗಬೇಡ ವೈನಿ ಎಂದು ಸಂಘಮಿತ್ರಾ ನನಗೆ ಹೇಳಿದಳು. ನಾನು ತಟ್ಟೆಯಲ್ಲಿ ದೀಪ ಹಚ್ಚಿದೆ. ಯಾಕೆ ಹಚ್ಚಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೊರಗೆ ಅಷ್ಟು ಮಂದಿ ನಿಂತಿದ್ದರು, ಮಾವನ ಕೊರಳಲ್ಲಿ ಹಾರವಿತ್ತು. ನನ್ನ ರೊಟ್ಟಿಯ ಮಣೆ ಇದ್ದ ಜಾಗ ದಾಟಿ ಹೋಗಿ, ಜೆಸಿಬಿಯ ಹಲ್ಲಿಗೆ ಕುಂಕುಮ ಹಚ್ಚಿ, ಆರತಿ ಎತ್ತಿದೆ. ಫೋಟೋ ತೆಗೆದರು. ಮಾವ ಕಾಯಿ ಒಡೆದರು, ಕಾಯಿ ನೇರವಾಗಿ ಎರಡಾಯಿತು, ಶುಭ ಎಂದರು ಯಾರೋ. ನನಗೆ ಆಗ ಏನೂ ಅನಿಸಲಿಲ್ಲ. ಕೈ ಮರಗಟ್ಟಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಮೊದಲ ಏಟಿಗೆ ಹೊಗೆಗೂಡು ಬಿತ್ತು. ಆಮೇಲೆ ಬಾಗಿಲ ಚೌಕಟ್ಟು ವಾಲಿತು, ಮಾವ ನಿಲ್ಲಿಸಿರಿ ಎಂದು ಅದನ್ನು ಬಿಡಿಸಿ ಪಕ್ಕಕ್ಕೆ ಇಡಿಸಿದರು. ಮೇಲಿನ ಸ್ಲ್ಯಾಬು ಒಂದೇ ಸಲಕ್ಕೆ ಬೀಳಲಿಲ್ಲ, ಕಬ್ಬಿಣದ ಸರಳು ಹಿಡಿದುಕೊಂಡು ಜೋತಾಡಿತು. ಬಿದ್ದಾಗ ಧೂಳು ಒಳಗಿನ ಹಾಸಿಗೆಯತನಕ ಬಂತು. ಮಧ್ಯಾಹ್ನದೊಳಗೆ ಮುಗಿದುಹೋಯಿತು. ಅತ್ತೆ ಇಪ್ಪತ್ತು ವರ್ಷ ಕೂತ ಜಾಗವದು.

ಜೆಸಿಬಿ ಡ್ರೈವರು ಅಕ್ರಂ ಎಂಬ ಸಿಂದಗಿಯ ಹುಡುಗ. ಹಿತ್ತಿಲಲ್ಲಿ ಕೈಕಾಲು ತೊಳೆದು ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂತು ಉಂಡ. ಅತ್ತೆ ಅವನಿಗೆ, ಇನ್ನೊಂದು ಹಾಕಲೇನು ಎಂದು ಕೇಳಿದರು. ಅವನು ಬೇಡವೆಂದ, ಅವರು ಅರ್ಧ ಮುರಿದು ಹಾಕಿದರು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಕಂಟ್ರಾಕ್ಟರನಂತೆ. ಇವತ್ತಿಗೆ ಇಷ್ಟೇ ಸಾಕು, ಮಷಿನ್ ತೆಗೆದುಕೊಂಡು ಬಾ ಎಂದನಂತೆ. ಪಕ್ಕದ ಅಂಗಡಿ ಒಡೆಯಬೇಕಲ್ಲ ಎಂದು ಇವನು ಕೇಳಿದ. ಫೋನು ಕಟ್ಟಾಯಿತು. ಅಕ್ರಂ ನೀರು ಕುಡಿದು, ರೊಟ್ಟಿ ಚಲೋ ಅದಾವವ್ವ ಎಂದು ಹೇಳಿ ಹೋದ. ಚಾಂದಸಾಬ ಅಂಗಡಿ ಖಾಲಿ ಮಾಡಿ ಟೈರು, ಟ್ಯೂಬು, ಗಾಳಿಯ ಪಂಪು ರಸ್ತೆಗಿಟ್ಟುಕೊಂಡು ಕಾಯುತ್ತ ಕೂತಿದ್ದ. ಸಂಜೆ ಎಲ್ಲವನ್ನೂ ಮತ್ತೆ ಒಳಗೆ ಜೋಡಿಸಿದ.

ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಮಾವ ಒಂದು ವಾರ ದಾರಿ ನೋಡಿದರು. ಪೇಪರಿನಲ್ಲಿ ಅವರ ಫೋಟೋ ಬಂದಿತ್ತು, ತ್ಯಾಗ ಎಂದು ಬರೆದಿದ್ದರು, ನನ್ನ ಆರತಿಯ ತಟ್ಟೆಯೂ ಅರ್ಧ ಕಾಣುತ್ತಿತ್ತು. ವಾರ ಕಳೆದ ಮೇಲೆ ಚಾಂದಸಾಬ ಬಂದು ಒಡೆದ ಗೋಡೆಯ ಹತ್ತಿರ ನಿಂತ. ಒಳಗೆ ಬರಲು ಬಾಗಿಲು ಎಲ್ಲಿ ಎಂದು ತಿಳಿಯದೆ ಅಲ್ಲಿಂದಲೇ ಮಾತಾಡಿದ. ಎದುರು ಸಾಲಿನವರೆಲ್ಲ ಸೇರಿ ಕಲಬುರ್ಗಿಯ ಕೋರ್ಟಿನಿಂದ ತಡೆ ತಂದಿದ್ದಾರೆ, ರಸ್ತೆ ಸದ್ಯಕ್ಕೆ ಆಗುವುದಿಲ್ಲ ಎಂದ. ಯಾವಾಗ ಹೋಗಿದ್ದರು ಎಂದು ಸಂಘಮಿತ್ರಾ ಕೇಳಿದಳು. ಚಾಂದಸಾಬ ಮಾವನ ಮುಖ ನೋಡಿ ನೆಲ ನೋಡಿದ.

"ನಿಮ್ಮನಿ ಒಡಿಯೂದಕ್ಕಿಂತ ಮೊದಲ ಹೋಗಿದ್ರವಾ. ಸಾವ್ಕಾರ್ರ ಗಾಡ್ಯಾಗ ಹೋಗಿ ಬಂದಾರ."

ಮಾವ ಚಪ್ಪಲಿ ಹಾಕಿಕೊಂಡು ರಸ್ತೆ ದಾಟಿದರು. ಸಾಹುಕಾರರ ಮನೆಗೆ ಅವರು ಎಷ್ಟೋ ಸಲ ಹೋಗಿದ್ದಾರೆ, ಅಧ್ಯಕ್ಷರಾಗುವ ಮೊದಲು ಕಟ್ಟೆಯ ಕೆಳಗೆ ನಿಂತು, ಆದ ಮೇಲೆ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು. ಒಳಗೆ ಹೋದದ್ದಿಲ್ಲ. ಅವತ್ತೂ ಕುರ್ಚಿ ಬಂತು. ನಮ್ಮ ಮನೆಗೆ ಮುಂದಿನ ಗೋಡೆ ಇಲ್ಲದ್ದರಿಂದ ಎಲ್ಲ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಚಹಾ ಬಂತು, ಕುಡಿದರು. ಸಾಹುಕಾರರು ಅವರ ಭುಜದ ಮೇಲೆ ಕೈ ಇಟ್ಟರು. ಮಾವ ವಾಪಸು ಬಂದರು.

ತಮಗೇನೂ ಗೊತ್ತಿರಲಿಲ್ಲ, ಮಕ್ಕಳು ಸಹಿ ಹಾಕಿಸಿಕೊಂಡಿದ್ದಾರೆ ಎಂದು ಸಾಹುಕಾರರು ಹೇಳಿದರಂತೆ. ಬಹಳ ಬೇಜಾರು ಮಾಡಿಕೊಂಡರಂತೆ.

"ನೀ ನಂಬಿದೇನಪ್ಪಾ?" ಎಂದಳು ಸಂಘಮಿತ್ರಾ.

"ಅವ್ರು ಸುಳ್ಳ ಯಾಕ ಹೇಳ್ತಾರ?"

"ಮೀಟಿಂಗಿನ್ಯಾಗ ನಿನ್ನ ಮುಂದ ಮಾಡಿದ್ರು, ಹಿಂದ ಕೋರ್ಟಿಗೆ ಹೋದ್ರು. ಅವ್ರ ಬಾಯಾಗ ಅಧ್ಯಕ್ಷರ ಅನ್ನೂ ಒಂದ್ ಮಾತಿಗೆ ನೀ ಅವ್ವನ ಒಲಿ ಕಿತ್ತ ಕೊಟ್ಟಿ."

"ನಾ ಊರಿಗೆ ಕೊಟ್ಟೇನಿ, ಅವ್ರಿಗಲ್ಲ."

"ಊರು ಎಲ್ಲೈತಿ? ತೋರಸ. ಈ ರಸ್ತಾದಾಗ ಒಡದದ್ದು ಯಾರ ಮನಿ ಐತಿ, ತೋರಸ."

ನನ್ನ ಗಂಡ ತಂಗಿಗೆ ಸುಮ್ಮನಿರು ಎಂದರು. ಅತ್ತೆ, ಪಲ್ಲೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ ಎಂದು ನನ್ನನ್ನು ರುಚಿ ನೋಡಲು ಕರೆದರು. ಹಾಕಿರಲಿಲ್ಲ. ಹಾಗೆಯೇ ಉಂಡೆವು, ಯಾರೂ ಉಪ್ಪು ಕೇಳಲಿಲ್ಲ.

ಹಿತ್ತಿಲಲ್ಲಿ ಒಂದು ಒಲೆ ಹೂಡಿದೆವು. ಗಾಳಿ ತಿರುಗಿದಾಗಲೆಲ್ಲ ಉರಿ ಹೊರಗೆ ಬಂದು ರೊಟ್ಟಿಯ ಒಂದು ಮಗ್ಗುಲು ಸೀಯುತ್ತಿತ್ತು, ಇನ್ನೊಂದು ಹಸಿ ಉಳಿಯುತ್ತಿತ್ತು. ಗಟಾರದ ನೊಣ ಹಿಟ್ಟಿಗೆ ಕೂರುತ್ತಿದ್ದವು. ಡ್ರೈವರುಗಳು ರಸ್ತೆಯಲ್ಲಿ ಬಸ್ಸು ನಿಧಾನ ಮಾಡಿ, ಒಲೆ ಕಾಣದೆ, ಮುಂದೆ ಹೋಗುತ್ತಿದ್ದರು. ಮದುವೆ ಮನೆಗಳವರು ಬೇರೆ ಕಡೆ ಹೇಳಿದರು. ನಾನು ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗಿ ಮಾರಿದೆ, ಅಲ್ಲಿ ಮೊದಲಿಂದ ಕೂತವರು ನನ್ನ ಬುಟ್ಟಿಯನ್ನು ಕಾಲಿಂದ ಸರಿಸಿದರು. ತಪ್ಪೇನಿಲ್ಲ, ಅದು ಅವರ ಹೊಟ್ಟೆ.

ಸಂಘಮಿತ್ರಾ ಎರಡು ದಿನಕ್ಕೊಮ್ಮೆ ಕಾಲೇಜಿಗೆ ಹೋಗತೊಡಗಿದಳು. ಯಾಕೆ ಎಂದರೆ ಕ್ಲಾಸಿಲ್ಲ ಎನ್ನುವಳು. ಮನೆಯಲ್ಲಿ ಮೊಸರು ನಿಂತಿತು, ಆಮೇಲೆ ಶೇಂಗಾ ಎಣ್ಣೆ ಕಡಿಮೆಯಾಯಿತು. ಬೆಳಿಗ್ಗೆ ಅಧ್ಯಕ್ಷರನ್ನು ಕಾಣಲು ಬರುವವರಿಗೆ ಮಾತ್ರ ಚಹಾ ತಪ್ಪಲಿಲ್ಲ. ಹಾಲಿಗೆ ನೀರು ಹೆಚ್ಚು ಹಾಕುತ್ತಿದ್ದೆ. "ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದು ಅತ್ತೆ ಒಮ್ಮೆ ಒಲೆ ಊದುತ್ತ ಅಂದರು. ಸಿಟ್ಟಿರಲಿಲ್ಲ ಅದರಲ್ಲಿ, ಸುಮ್ಮನೆ ಹವಾ ಹೇಗಿದೆ ಎಂದು ಹೇಳಿದ ಹಾಗಿತ್ತು.

ಅಷ್ಟರಲ್ಲಿ ಮಾವನ ಅವಧಿ ಮುಗಿಯಿತು. ಮೀಸಲಾತಿ ತಿರುಗಿ ಸಾಮಾನ್ಯ ಮಹಿಳೆಗೆ ಹೋಯಿತು, ಸಾಹುಕಾರರ ಹೆಂಡತಿ ಲಕ್ಕವ್ವ ಅಧ್ಯಕ್ಷೆಯಾದರು. ಅವರೂ ಮೆಂಬರಾಗಿದ್ದರು, ಒಂದು ಮೀಟಿಂಗಿಗೂ ಬಂದವರಲ್ಲ. ಮಾವ ಆಫೀಸಿಗೆ ಹೋಗಿ ಅವರಿಗೆ ಹಾರ ಹಾಕಿ ಬಂದರು. ಪರಿಹಾರದ ಮಾತು ಕೇಳಿದ್ದಕ್ಕೆ, ರಸ್ತೆಯೇ ಕೋರ್ಟಿನಲ್ಲಿರುವಾಗ ಪರಿಹಾರ ಎಲ್ಲಿಂದ ಕೊಡುವುದು ಎಂದರಂತೆ. ಹಾಗಾದರೆ ನಮ್ಮ ಜಾಗದಲ್ಲಿ ಮತ್ತೆ ಗೋಡೆ ಕಟ್ಟಿಕೊಳ್ಳುತ್ತೇವೆ ಎಂದು ನನ್ನ ಗಂಡ ಹೋಗಿ ಕೇಳಿದರು. ನಿಮ್ಮ ತಂದೆ ಬಿಟ್ಟುಕೊಟ್ಟು ಠರಾವು ಆಗಿದೆ, ಅದು ಈಗ ಪಂಚಾಯಿತಿಯ ಜಾಗ ಎಂದು ಹೇಳಿ ಕಳಿಸಿದರು. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿದರಂತೆ.

ಬೆಳಿಗ್ಗೆ ಮಂದಿ ಬರುವುದು ನಿಂತಿತು. ನಾನು ಮೂರು ದಿನ ದೊಡ್ಡ ಪಾತ್ರೆಯಲ್ಲೇ ಚಹಾ ಇಟ್ಟು ಚೆಲ್ಲಿದೆ, ಕೈಗೆ ರೂಢಿ. ನಾಲ್ಕನೆಯ ದಿನ ಸಣ್ಣ ಪಾತ್ರೆ ತೆಗೆದೆ. ಮಾವ ಇಸ್ತ್ರಿಯ ಅಂಗಿ ಹಾಕಿಕೊಂಡು, ಒಡೆದ ಗೋಡೆಗೆ ಕಟ್ಟಿದ್ದ ತಾಡಪತ್ರಿಯ ಒಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ರಸ್ತೆಯಲ್ಲಿ ಯಾರಾದರೂ ಹೋದರೆ ತಾಡಪತ್ರಿ ಸರಿಸಿ ನೋಡುತ್ತಿದ್ದರು.

ಮಳೆ ಶುರುವಾಗುವ ಹೊತ್ತಿಗೆ ಆ ಜಾಗಕ್ಕೆ ಗಾಡಿ ಬಂತು. ಸಾಹುಕಾರರ ಬಿಳಿ ಕಾರು. ಸಂಜೆಯ ಕಡೆ ನಮ್ಮ ಉಳಿದ ಮನೆಯ ನೆರಳು ಪಡಸಾಲೆಯ ಜಾಗದ ಮೇಲೆ ಬೀಳುತ್ತದೆ, ರಸ್ತೆಯ ಆ ಕಡೆ ಸಂಜೆತನಕ ಬಿಸಿಲು. ಸಾಹುಕಾರರು ಕಾರಿನಿಂದ ಇಳಿದು ತಾಡಪತ್ರಿಯ ಹತ್ತಿರ ಬಂದು ಕೈ ಮುಗಿದರು.

"ಅಧ್ಯಕ್ಷರ, ನೆಳ್ಳ ಐತಿ ಅಂತ ಗಾಡಿ ಇಲ್ಲಿ ಹಚ್ಚೇನಿ. ತ್ರಾಸ ಇಲ್ಲಲ್ರಿ?"

"ಹಚ್ರಿ, ಹಚ್ರಿ. ಅದ್ರಾಗೇನೈತಿ," ಎಂದರು ಮಾವ.

ಅವತ್ತಿನಿಂದ ಕಾರು ಅಲ್ಲೇ. ನಾವು ಹೊರಗೆ ಹೋಗಬೇಕಾದರೆ ಅದರ ಮಗ್ಗುಲಿಗೆ ಅಡ್ಡಾಗಿ ನುಸುಳಬೇಕು. ಅತ್ತೆ ಹಿಟ್ಟಿನ ಡಬ್ಬಿ ಹೊತ್ತು ನುಸುಳುವಾಗ ಒಂದು ದಿನ ಡಬ್ಬಿ ಕಾರಿಗೆ ತಾಗಿ ಗೀರು ಬಿತ್ತು. ಸಾಹುಕಾರರ ಮಗ ಕಲ್ಮೇಶ ರಸ್ತೆ ದಾಟಿ ಬಂದು ಗೀರನ್ನು ಬೆರಳಿಂದ ಒರೆಸಿ ನೋಡಿದ. ಮಾವ ಎದ್ದು ಹೋಗಿ ಅವನ ಮುಂದೆ ತಪ್ಪಾಯಿತು ಎಂದರು. ಕಲ್ಮೇಶ ಇನ್ನು ಮೇಲೆ ನೋಡಿ ಓಡಾಡಲು ಹೇಳಿರಿ ಎಂದ. ಅತ್ತೆ ಡಬ್ಬಿ ತಲೆಯ ಮೇಲೆ ಇಟ್ಟುಕೊಂಡೇ ನಿಂತು ಅಷ್ಟೂ ಕೇಳಿದರು.

ಮರುದಿನ ಕಾರಹುಣ್ಣಿಮೆ. ಊರಲ್ಲಿ ಎತ್ತುಗಳಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಹೋಳಿಗೆಗೆ ಬೇಳೆ ಇಡಬೇಕೋ ಬೇಡವೋ ಎಂದು ಕೇಳಲು ಹಿತ್ತಿಲಿಗೆ ಹೋದರೆ ಅತ್ತೆ ಇರಲಿಲ್ಲ, ಒಲೆಯ ಕಲ್ಲುಗಳೂ ಇರಲಿಲ್ಲ. ಮುಂದೆ ಬಂದೆ. ತಾಡಪತ್ರಿ ಸರಿಸಿ ಅತ್ತೆ ಹೊರಗೆ ಪಡಸಾಲೆಯ ಜಾಗದಲ್ಲಿ ಕಲ್ಲು ಹೂಡುತ್ತಿದ್ದರು. ಮೊದಲಿನ ಒಲೆ ಎಲ್ಲಿತ್ತೋ ಸರಿಯಾಗಿ ಅಲ್ಲಿ. ಕಾರಿಗೂ ಅವರಿಗೂ ನಡುವೆ ಒಂದು ಮೊಳ ಇರಲಿಲ್ಲ.

ನನ್ನನ್ನು ನೋಡಿ ಹಂಚು ತಾ ಎಂದರು. ತಂದೆ. ಮಣೆ, ಹಿಟ್ಟು, ನೀರು ತಂದೆ. ಸಂಘಮಿತ್ರಾ ಕಟ್ಟಿಗೆ ತಂದಳು. ನನ್ನ ಗಂಡ ಕೆಲಸಕ್ಕೆ ಹೊರಟವರು ಊಟದ ಡಬ್ಬಿಯ ಚೀಲ ಹಿಡಿದು ನಿಂತರು, ನೋಡಿದರು, ಆಮೇಲೆ ಚೀಲ ಇಟ್ಟು ತಾಡಪತ್ರಿಯ ಒಂದು ತುದಿ ಬಿಚ್ಚಿ ಒಲೆಯ ಮೇಲೆ ನೆರಳಾಗುವಂತೆ ಕೋಲಿಗೆ ಕಟ್ಟಿದರು.

ಮಾವ ಕುರ್ಚಿಯಿಂದ ಎದ್ದು ಬಂದರು.

"ಏನ ಮಾಡಾಕತ್ತಿ? ಅದು ಊರ ಜಾಗ ಐತಿ."

"ನಾನೂ ಊರಾಕಿನ ಅದೀನಿ," ಎಂದರು ಅತ್ತೆ.

ಬೆಂಕಿ ಹಚ್ಚಿದರು. ಕಟ್ಟಿಗೆ ಹಸಿ, ಹೊಗೆ ದಟ್ಟವಾಗಿ ಎದ್ದು ಕಾರಿನ ಮೇಲೆ ಹೋಯಿತು. ಮಾವ ರಸ್ತೆಯ ಆ ಕಡೆ ನೋಡಿದರು. ಮಹಡಿಯ ಮೇಲೆ ಲಕ್ಕವ್ವ ಬಂದು ನಿಂತು, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಲ್ಮೇಶ ಕೀಲಿ ಹಿಡಿದು ಬಂದ.

"ಒಲಿ ತಗೀರಿ, ಬಣ್ಣ ಹಾಳಾಗತೈತಿ," ಎಂದ. ಅತ್ತೆಗೆ ಹೇಳಲಿಲ್ಲ, ಮಾವನಿಗೆ ಹೇಳಿದ.

ನಾನು ಮಾವನ ಮುಖ ನೋಡಿದೆ. ಅವರಿಗೆ ಹಚ್ರಿ ಎನ್ನಲು ಗೊತ್ತಿತ್ತು, ತಪ್ಪಾಯಿತು ಎನ್ನಲು ಗೊತ್ತಿತ್ತು. ಈ ಸಲ ಯಾವುದನ್ನು ಹೇಳುತ್ತಾರೆ ಎಂದು ಕಾಯ್ದೆ. ಅತ್ತೆ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ ಮೇಲೆ ನೀರು ಸವರಿದರು.

"ಗಾಡಿ ತಗೀಪಾ ಕಲ್ಮೇಶ," ಎಂದರು ಮಾವ. "ಒಲಿ ಹೊತ್ತೇತಿ."

ಕಲ್ಮೇಶ ಅವರನ್ನೂ ಒಲೆಯನ್ನೂ ನೋಡಿದ. ಕಾರಿನ ಮೇಲೆ ಮಸಿ ಕೂರತೊಡಗಿತ್ತು. ಏನೋ ಗೊಣಗಿ ಕಾರು ಹತ್ತಿ ಹಿಂದೆ ತೆಗೆದುಕೊಂಡು ಹೋದ. ನಾಳೆ ಪಂಚಾಯಿತಿಯವರು ಬರುತ್ತಾರೋ, ಒಲೆ ಒದೆಯುತ್ತಾರೋ ಯಾರಿಗೆ ಗೊತ್ತು. ನಮಗೆ ಸಂತೋಷವೇನೂ ಆಗಲಿಲ್ಲ. ಜಾಗ ತೆರೆಯಿತು, ಗಾಳಿ ಆಡಿತು, ಸಂಘಮಿತ್ರಾ ಮಣೆಯನ್ನು ಸ್ವಲ್ಪ ಸರಿಸಿಕೊಟ್ಟಳು.

ಮಾವ ಅಲ್ಲೇ ನಿಂತಿದ್ದರು. ಎಲ್ಲಿ ನಿಲ್ಲಬೇಕೆಂದು ಅವರಿಗೆ ತಿಳಿದಂತಿರಲಿಲ್ಲ. ಕುರ್ಚಿ ಒಳಗಿತ್ತು, ಅದನ್ನು ತರಲು ಹೋಗಲಿಲ್ಲ. ಅಷ್ಟರಲ್ಲಿ ಇಂಡಿ ಊರಿನ ಕಡೆಯಿಂದ ಬಂದ ಬಸ್ಸು ಒಲೆ ಕಂಡು ನಿಧಾನವಾಯಿತು. ಡ್ರೈವರು ಕಿಟಕಿಯಿಂದ ಕತ್ತು ಹೊರಗೆ ಹಾಕಿದ. ಅಧ್ಯಕ್ಷರು ಯಾರು, ಮಾಜಿ ಯಾರು, ಅವನಿಗೇನು ಗೊತ್ತು.

"ಯಜಮಾನ್ರ, ರೊಟ್ಟಿ ಹೆಂಗ ಕೊಟ್ರಿ?"

ಮಾವ ಬಾಯಿ ತೆರೆದರು. ಊರ ಎಲ್ಲ ಗಟಾರಗಳ ಅಂದಾಜು ಬಾಯಿಪಾಠ ಇದ್ದವರು. ಆ ರೊಟ್ಟಿ ತಿಂದೇ ಅಷ್ಟೂ ಚುನಾವಣೆ ಮಾಡಿದವರು. ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಒಂದಕ್ಕ ಎಷ್ಟ ಐತಿ?"

ಅತ್ತೆ ಹಂಚಿನ ಮೇಲಿಂದ ಕಣ್ಣು ಎತ್ತದೆ ಹೇಳಿದರು. ಮಾವ ಅದನ್ನೇ ಡ್ರೈವರನಿಗೆ ಗಟ್ಟಿಯಾಗಿ ಹೇಳಿದರು.